ನಾಲ್ಕು ಬಾದಾಮಿಯ ಲೆಕ್ಕ

ಮಾರ್ಚ್ ಕೊನೆಯ ವಾರ ನಾಗಪುರಕ್ಕೆ ಬರುತ್ತೇನೆ ಎಂದು ಅಕ್ಕ ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು, "ಬಿಸಿಲು ತಡೀತೀಯೇನಕ್ಕಾ?" ಎಂದು. ಇಲ್ಲಿ ಹೋಳಿ ಮುಗಿದರೆ ಸಾಕು, ಮಧ್ಯಾಹ್ನದ ಬಿಸಿ 40 ಡಿಗ್ರಿಯ ಹತ್ತಿರ ಬಂದು ಕೂರುತ್ತದೆ. ಮನೆಮನೆಯ ಕಿಟಕಿಗೂ ಕೂಲರ್ ಏರುತ್ತದೆ. "ದಾವಣಗೆರೆ ಬಿಸಿಲೇನು ಕಮ್ಮಿನೇನೋ? ಮಗಳ ಪಿಯುಸಿ ಪರೀಕ್ಷೆ ಮುಗೀತು, ಅವಳನ್ನೂ ಕರ್ಕೊಂಡು ಬರ್ತೀನಿ" ಎಂದಳು. ನಾನು ಮಿಹಾನ್‌ನ ಕಂಪನಿಯೊಂದಕ್ಕೆ ಕೆಲಸಕ್ಕೆಂದು ಬಂದು ಆರು ವರ್ಷವಾದರೂ ಅಕ್ಕ ಈ ಮನೆಗೆ ಬಂದಿರಲಿಲ್ಲ. ಅವಳಿಗೆ ಏನಾದರೂ ಹೊಸತು ಮಾಡಿ ಬಡಿಸಬೇಕು ಅನ್ನಿಸಿತು. ತಣ್ಣಗಿರಬೇಕು, ಅವಳು ತಿಂದಿರಬಾರದು. ಆಗ ನೆನಪಾದದ್ದು ಸಿಂಗಪುರದ ಬಾದಾಮಿ.

ಹತ್ತು ವರ್ಷದ ಹಿಂದೆ ಪ್ರಾಜೆಕ್ಟ್ ಒಂದರ ಸಲುವಾಗಿ ಮೂರು ತಿಂಗಳು ಅಲ್ಲಿದ್ದೆ. ಮಧ್ಯಾಹ್ನ ಟೀಮಿನವರ ಜೊತೆ ಹಾಕರ್ ಸೆಂಟರಿಗೆ ಹೋದರೆ, ಸಸ್ಯಾಹಾರಿಯಾದ ನನಗೆ ತಟ್ಟೆಗಿಂತ ಚಿಂತೆಯೇ ದೊಡ್ಡದು. ಒಂದು ದಿನ ನಮ್ಮ ಟೆಸ್ಟಿಂಗ್ ಲೀಡ್, ಚೀನೀ ಮೂಲದ ಹೆಣ್ಣುಮಗಳು, ಒಂದು ಬಟ್ಟಲು ತಂದು ಮುಂದಿಟ್ಟಳು. ಬೆಳ್ಳಗೆ, ಬಿಸಿಯಾಗಿ, ತೆಳ್ಳನೆಯ ಗಂಜಿಯಂತೆ. ಮೂಗಿನ ಹತ್ತಿರ ತಂದರೆ ಬಾದಾಮಿಯ ಘಮ. ಬಾದಾಮಿಗಿಂತಲೂ ಹೆಚ್ಚು ಬಾದಾಮಿ! ಮರುದಿನ ಅದರದೇ ತಣ್ಣನೆಯ ರೂಪ ಕೊಡಿಸಿದಳು: ಚೌಕಾಕಾರದ ಬಿಳಿ ತುಂಡುಗಳು, ಮೇಲೆ ಸಕ್ಕರೆ ಪಾಕ ಮತ್ತು ಕಿತ್ತಳೆ ತೊಳೆ. ಹೆಸರು ಶಿಂಗ್‌ರೆನ್ ದೌಫು, ಬಾದಾಮಿ ತೋಫು. ಅದರಲ್ಲಿ ಸೋಯಾ ಇಲ್ಲ, ತೋಫುವಿನ ಹಾಗೆ ಕಾಣುತ್ತದೆ ಅಷ್ಟೆ. "ಇದರಲ್ಲಿ ಬಾದಾಮಿಯೂ ಇಲ್ಲ" ಎಂದು ಅವಳು ನಕ್ಕಳು. ಶಿಂಗ್ ಎಂದರೆ ಏಪ್ರಿಕಾಟ್, ರೆನ್ ಎಂದರೆ ಅದರ ಗೊರಟೆಯೊಳಗಿನ ಬೀಜ. ಇಂಗ್ಲಿಷಿನವರು ಆಲ್ಮಂಡ್ ಎಂದು ಕರೆದರು, ನಾವು ನಂಬಿದೆವು.

ಚೀನಾದವರಲ್ಲಿ ಈ ಬೀಜಕ್ಕೆ ಎರಡು ಜಾತಿ. ದಕ್ಷಿಣದ್ದು ಸಿಹಿ, ಉತ್ತರದ್ದು ಕಹಿ. ಸಿಹಿಯದು ಮೈ ಕೊಡುತ್ತದೆ, ಕಹಿಯದು ಚಿಟಿಕೆಯಷ್ಟೇ ಬಿದ್ದು ಘಮ ಕೊಡುತ್ತದೆ. ಆ ಘಮಕ್ಕೆ ಕಾರಣ ಬೆಂಜಾಲ್ಡಿಹೈಡ್. ಕಹಿ ಬೀಜದಲ್ಲಿರುವ ಅಮಿಗ್ಡಾಲಿನ್ ಒಡೆದಾಗ ಅದು ಹುಟ್ಟುತ್ತದೆ. ತೊಂದರೆಯೆಂದರೆ ಅದರ ಜೊತೆಗೇ ಸಯನೈಡೂ ಹುಟ್ಟುತ್ತದೆ.

ಇದು ಗೊತ್ತಿದ್ದೂ ನಾನು ಇತವಾರಿ ಪೇಟೆಗೆ ಹೋಗಿ ಗೊರಟೆ ಸಮೇತದ ಒಣ ಖುಬಾನಿ ತಂದೆ. ಹೈದರಾಬಾದಿನವರು ಖುಬಾನಿ ಕಾ ಮೀಠಾದ ಮೇಲೆ ಇದೇ ಬೀಜ ಉದುರಿಸುತ್ತಾರಲ್ಲ ಎಂಬ ಧೈರ್ಯ. ಗುಂಡುಕಲ್ಲಿನಿಂದ ಒಡೆದು ಒಂದೊಂದೇ ಚೂರು ನಾಲಿಗೆಗೆ ಮುಟ್ಟಿಸಿದೆ. ನಾಲ್ಕು ಸಿಹಿ, ಐದನೆಯದು ಬೇವಿನಂಥ ಕಹಿ. ಉಗುಳಿ ಬಾಯಿ ತೊಳೆದುಕೊಂಡೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಹೇಳಿದ್ದು ಇದನ್ನೇ: ಹಸಿ ಏಪ್ರಿಕಾಟ್ ಬೀಜ ಸಣ್ಣದಾದರೆ ದೊಡ್ಡವರಿಗೂ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಸುರಕ್ಷಿತವಲ್ಲ, ಪುಟ್ಟ ಮಕ್ಕಳಿಗೆ ಒಂದೂ ಬೇಡ. ಯಾವುದು ಸಿಹಿ ಯಾವುದು ಕಹಿ ಎಂದು ನೋಡಿ ಹೇಳಲಾಗದ ಮೇಲೆ, ಹದಿನೇಳರ ಹುಡುಗಿ ಮನೆಗೆ ಬರುವಾಗ ಈ ಪ್ರಯೋಗವೇಕೆ? ಬೀಜಗಳನ್ನು ಕಸಕ್ಕೆ ಹಾಕಿದೆ. ನಮ್ಮ ಮಾಮೂಲಿ ಬಾದಾಮಿ, ಘಮಕ್ಕೆ ಎರಡು ಹನಿ ಎಸೆನ್ಸ್ ಎಂದು ತೀರ್ಮಾನವಾಯಿತು.

ಮಾಡುವ ಬಗೆ ನಮಗೆ ಹೊಸತಲ್ಲ. ಗಸಗಸೆ ಪಾಯಸ ಗೊತ್ತಿದ್ದವರಿಗೆ ಅರ್ಧ ಕೆಲಸ ಬಂದ ಹಾಗೆ. ನೂರು ಗ್ರಾಂ ಬಾದಾಮಿ, ಎರಡು ಚಮಚ ಅಕ್ಕಿ, ರಾತ್ರಿ ನೆನೆಸಿ ಬೆಳಿಗ್ಗೆ ಬಾದಾಮಿ ಸಿಪ್ಪೆ ಸುಲಿಯಬೇಕು. ಮುಕ್ಕಾಲು ಲೀಟರ್ ನೀರು ಹಾಕುತ್ತಾ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಕುದಿಸಿ ಸಕ್ಕರೆ ಹಾಕಿದರೆ ಕುಡಿಯುವ ಬಾದಾಮಿ ಸಿದ್ಧ. ತೋಫುವಿಗೆ ಅಕ್ಕಿ ಬೇಡ, ಚೈನಾ ಗ್ರಾಸ್ ಬೇಕು. ಅರ್ಧ ಲೀಟರ್ ಬಾದಾಮಿ ಹಾಲಿಗೆ ಐದು ಗ್ರಾಂ ಎಳೆಗಳನ್ನು ನೆನೆಸಿ, ಬೇರೆ ಪಾತ್ರೆಯಲ್ಲಿ ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ, ಬಿಸಿ ಹಾಲಿಗೆ ಬೆರೆಸಿ ತಟ್ಟೆಗೆ ಸುರಿಯಬೇಕು. ನಾನು ಮೊದಲ ಸಲ ಫ್ರಿಜ್ಜಿನಿಂದ ತೆಗೆದ ಹಾಲಿಗೆ ಹಾಕಿದೆ. ಮುಟ್ಟಿದ ಕೂಡಲೇ ಗಟ್ಟಿಯಾಗಿ ನೂಲುನೂಲಾಯಿತು. ಹೆಂಡತಿ ಇಣುಕಿ ನೋಡಿ "ಶಾವಿಗೆ ಪಾಯಸನಾ?" ಎಂದು ಕೇಳಿ ಹೋದಳು.

ಹೆಸರಲ್ಲಿ ಗ್ರಾಸ್ ಇದ್ದರೂ ಇದು ಹುಲ್ಲಲ್ಲ, ಕಡಲ ಪಾಚಿಯ ಸಾರ, ಅಗರ್. ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವ ಜೆಲಟಿನ್ ನಾಗಪುರದ ಮಧ್ಯಾಹ್ನಕ್ಕೆ ಕರಗಿ ನೀರಾಗುತ್ತದೆ. ಅಗರ್ ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೆ ಅಲುಗದು. ಈ ಗುಣ ವಿಜ್ಞಾನಕ್ಕೆ ತಿಳಿದದ್ದೂ ಅಡುಗೆಮನೆಯಿಂದಲೇ. ಜರ್ಮನಿಯಲ್ಲಿ ರಾಬರ್ಟ್ ಕಾಖ್‌ನ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲಟಿನ್ ಬೇಸಿಗೆಯಲ್ಲಿ ಕರಗುತ್ತಿತ್ತು. ಅಲ್ಲಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆಗೆ 1881ರಲ್ಲಿ ಅಗರ್ ಹಾಕಿ ನೋಡಿ ಎಂದವಳು ಹೆಂಡತಿ ಫ್ಯಾನಿ. ಜಾವಾದಲ್ಲಿ ಇದ್ದು ಬಂದ ನೆರೆಯವರಿಂದ ಅವಳು ಅದನ್ನು ಕಲಿತಿದ್ದಳು. 1882ರ ಕಾಖ್‌ನ ಕ್ಷಯರೋಗದ ಪ್ರಬಂಧದಲ್ಲಿ ಅಗರ್ ಹೆಸರಿದೆ, ಫ್ಯಾನಿಯ ಹೆಸರಿಲ್ಲ. ಓದಿದಾಗ ಪಾಪ ಅಂದುಕೊಂಡೆ. ಅಷ್ಟಕ್ಕೇ ಮರೆತೆ.

ಅಕ್ಕ ಬಂದ ಮರುದಿನ ಭಾನುವಾರ. ಮೃಗ್ ಬಹಾರಿನ ಕೊನೆಯ ಸಂತ್ರಾ ಇನ್ನೂ ಗಾಡಿಗಳಲ್ಲಿತ್ತು. ಬೆಳಿಗ್ಗೆ ನಾನು ಬಾದಾಮಿ ಸುಲಿಯುತ್ತಾ ಕೂತಿದ್ದೆ, ಎರಡು ಬೆರಳಲ್ಲಿ ಹಿಸುಕಿದರೆ ಒಂದೊಂದು ಎಲ್ಲೆಲ್ಲೋ ಹಾರುತ್ತಿತ್ತು. ಅಕ್ಕ ಬಟ್ಟಲು ಎಳೆದುಕೊಂಡಳು. ಚಟಚಟನೆ ಐದು ನಿಮಿಷದಲ್ಲಿ ಅಷ್ಟೂ ಸುಲಿದಿಟ್ಟಳು.

"ಎಷ್ಟು ಸಲೀಸಾಗಿ ಸುಲೀತೀಯಲ್ಲಕ್ಕಾ!"

"ಎರಡು ವರ್ಷ ದಿನಾ ಸುಲಿದಿಲ್ವೇನೋ ನಿಂಗೆ?"

ನೆನಪಾಯಿತು. 1998, ನನ್ನ ಪಿಯುಸಿ. ಅಪ್ಪ ಸಂಬಳದ ದಿನ ನೂರು ಗ್ರಾಂ ಬಾದಾಮಿ ತರುತ್ತಿದ್ದರು. ಅವ್ವ ಸ್ಟೀಲ್ ಡಬ್ಬಿಯಿಂದ ರಾತ್ರಿ ನಾಲ್ಕು ಎಣಿಸಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಐದಕ್ಕೆ ನಾನು ಓದಲು ಕೂತರೆ ಪಕ್ಕದಲ್ಲಿ ತಟ್ಟೆ ಇರುತ್ತಿತ್ತು. ಬುದ್ಧಿಗೆ ಒಳ್ಳೆಯದು ಎನ್ನುತ್ತಿದ್ದರು. ಆ ತಟ್ಟೆ ತಾನಾಗಿಯೇ ಬರುತ್ತದೆ ಎಂಬಂತೆ ತಿಂದಿದ್ದೇನೆ. ಅಕ್ಕ ಆಗ ಬಿಎ ಕೊನೆಯ ವರ್ಷ. ಅವಳಿಗೂ ಪರೀಕ್ಷೆ ಇತ್ತು. ನಾನು ಎಂಟೆಕ್‌ವರೆಗೆ ಹೋದೆ. ಅವಳ ಬಿಎ ಮುಗಿದ ಆರು ತಿಂಗಳಿಗೆ ಮದುವೆ.

"ನೀನು ಒಂದೂ ತಿನ್ತಿರಲಿಲ್ವಾ?" ಎಂದೆ.

"ಎಣಿಸಿ ಇಡ್ತಿದ್ರಲ್ಲೋ. ಸಿಪ್ಪೆ ಬಾಯಿಗೆ ಹಾಕ್ಕೋತಿದ್ದೆ. ಒಗರು" ಎಂದು ನಕ್ಕಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಐವತ್ತು ಜನರ ಕೆಲಸದ ಲೆಕ್ಕ ಇಡುವ ನನಗೆ, ನನ್ನ ಪಾಲಿನ ಲೆಕ್ಕದಲ್ಲಿ ಯಾರ ಪಾಲು ಸೇರಿದೆ ಎಂದು ಇಪ್ಪತ್ತೈದು ವರ್ಷ ಹೊಳೆದೇ ಇರಲಿಲ್ಲ. ಫ್ಯಾನಿಗೆ ಪಾಪ ಎಂದವನು ನಾನು! ಏನೋ ಹೇಳಲು ಹೋದೆ. ಅಕ್ಕ ಮಿಕ್ಸಿ ಹಾಕಿದಳು.

ಮಧ್ಯಾಹ್ನ ತಟ್ಟೆ ತೆಗೆದು ಕತ್ತರಿಸಿದೆ. ಈ ಸಲ ಗಟ್ಟಿಯಾಗಿ ಸೆಟ್ ಆಗಿತ್ತು. ಸೊಸೆ ಫೋಟೋ ತೆಗೆದು "ಮಾಮಾ, ರಬ್ಬರ್ ಥರ ಇದೆ, ಆದ್ರೆ ಚೆನ್ನಾಗಿದೆ" ಎಂದಳು. ಅಕ್ಕ ಸಂತ್ರಾ ತೊಳೆಯ ಜೊತೆ ಮೊದಲ ತುಂಡು ಬಾಯಿಗಿಟ್ಟು, "ಬಾದಾಮಿ ವಾಸನೆ ಅಂದ್ರೆ ಹಿಂಗಿರುತ್ತಾ?" ಎಂದಳು. ಅದು ಬಾದಾಮಿಯದಲ್ಲ, ಎಸೆನ್ಸಿನದು ಎಂದು ವಿವರಿಸಲು ಬಾಯಿ ತೆರೆದವನು ಸುಮ್ಮನಾಗಿ ಬಟ್ಟಲಿಗೆ ಇನ್ನೆರಡು ತುಂಡು ಹಾಕಿದೆ.

ಊರಿಗೆ ಹೋದ ವಾರಕ್ಕೆ ಫೋನ್ ಮಾಡಿದಳು.

"ನಾನೂ ಮಾಡ್ದೆ ಕಣೋ, ಸರಿಯಾಗಿ ಗಟ್ಟಿ ಆಗ್ಲಿಲ್ಲ. ನೂಲುನೂಲಾಯ್ತು."

"ತಣ್ಣನೆ ಹಾಲಿಗೆ ಹಾಕಿರ್ತೀಯ. ಏನ್ ಮಾಡ್ದೆ ಮತ್ತೆ, ಚೆಲ್ಲಿದ್ಯಾ?"

"ಚೆಲ್ಲೋದ್ಯಾಕೆ? ಮನೇಲಿ ಯಾರೂ ಇರ್ಲಿಲ್ಲ. ಒಬ್ಬಳೇ ಕೂತು ಅಷ್ಟೂ ತಿಂದೆ."