ಅರ್ಜಿ ಯಾರದು, ಸಂಶೋಧನೆ ಯಾರದು?

ಭಾವ ಈಚೆಗೆ ಶೇರುಪೇಟೆಗೆ ಇಳಿದಿದ್ದಾರೆ. ಅಡಿಕೆಯ ದುಡ್ಡನ್ನು ಸಂಶೋಧನೆ ಮಾಡುವ ಕಂಪೆನಿಗಳಲ್ಲಿ ಮಾತ್ರ ಹಾಕುವುದಂತೆ. ಅಂಥ ಕಂಪೆನಿ ಯಾವುದೆಂದು ತಿಳಿಯುವುದು ಹೇಗೆ? "ಪೇಟೆಂಟ್ ಎಷ್ಟು ಉಂಟು ನೋಡಿದರಾಯ್ತು" ಎನ್ನುತ್ತಾರೆ. ದಾಖಲೆಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ಶುಕ್ರವಾರ ಶುಕ್ರವಾರ ಪೇಟೆಂಟ್ ಜರ್ನಲ್ ಬರುತ್ತದೆ. ಇಷ್ಟು ಸಲೀಸಾಗಿದ್ದರೆ ಎಲ್ಲರೂ ಹಾಗೇ ಮಾಡುತ್ತಿರಲಿಲ್ಲವೇ ಎಂಬ ಗುಮಾನಿಯಿಂದ ನಾನೂ ನೋಡತೊಡಗಿದೆ.

*

ಜರ್ನಲಿನ ಬಹುಪಾಲು ಬರೀ ಅರ್ಜಿಗಳು. ಅರ್ಜಿ ಹಾಕಿ ಸಾಮಾನ್ಯವಾಗಿ 18 ತಿಂಗಳಾದರೆ ಅದು ಪ್ರಕಟವಾಗುತ್ತದೆ. ಹುರುಳಿದೆಯೋ ಇಲ್ಲವೋ ಎಂಬ ಪರೀಕ್ಷೆ ಆಮೇಲಿನದು. ಆದರೂ "ನಮ್ಮ ಪೇಟೆಂಟ್ ಪ್ರಕಟವಾಯಿತು" ಎಂದು ಹಾರ ಹಾಕಿಸಿಕೊಳ್ಳುವವರಿದ್ದಾರೆ. ಅರ್ಜಿ ಶುಲ್ಕ ದೊಡ್ಡ ಕಂಪೆನಿಗೆ 8,000 ರೂಪಾಯಿ, ವ್ಯಕ್ತಿಗಳಿಗೂ ಸ್ಟಾರ್ಟಪ್‌ಗಳಿಗೂ 1,600. 2023-24ರಲ್ಲಿ ದೇಶದಲ್ಲಿ ಬಿದ್ದ ಅರ್ಜಿಗಳು 90,000ಕ್ಕೂ ಹೆಚ್ಚು. ಇಷ್ಟರಲ್ಲಿ ಕಾಳೆಷ್ಟು, ಜೊಳ್ಳೆಷ್ಟು?

*

ಇನ್ನು ಪೇಟೆಂಟೇ ಇಲ್ಲದ ಸಂಶೋಧನೆಯೂ ಉಂಟು. ನಮ್ಮ ಕಾಸರಗೋಡಿನ ಕುಡ್ಲಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐಯನ್ನೇ ತೆಗೆದುಕೊಳ್ಳಿ. 1916ರಲ್ಲಿ ಮದ್ರಾಸ್ ಸರಕಾರ ತೆರೆದ ತೆಂಗು ಸಂಶೋಧನಾ ಕೇಂದ್ರ ಅದು. ಅಲ್ಲಿಂದ 1985ರಲ್ಲಿ ಹೊರಬಂದ ತೆಂಗಿನ ತಳಿ ಚಂದ್ರಶಂಕರ, ಗಿಡ್ಡ ಮತ್ತು ಎತ್ತರದ ತಳಿಗಳ ಮಿಶ್ರಣ. ಮರವೇರಿ ಗಂಡು ಹೂ ಕಿತ್ತು, ಹೊಂಬಾಳೆಗೆ ಚೀಲ ಕಟ್ಟಿ, ಪರಾಗ ಹಾಕಿ, ಕಾಯಿ ಬಲಿತು, ಸಸಿಯಾಗಿ, ಫಸಲು ಬಂದು, ವರ್ಷಗಟ್ಟಲೆ ಲೆಕ್ಕ ಬರೆದಿಟ್ಟ ಮೇಲೆ ತಳಿಗೆ ಒಂದು ಹೆಸರು. ಇಷ್ಟೆಲ್ಲ ಸಂಶೋಧನೆ ಪೇಟೆಂಟ್ ದಾಖಲೆಯಲ್ಲಿ ಇಲ್ಲವೇ ಇಲ್ಲ! 1970ರ ಪೇಟೆಂಟ್ ಕಾಯಿದೆಯ 3ನೇ ಸೆಕ್ಷನ್ ಪ್ರಕಾರ ಬೇಸಾಯದ ವಿಧಾನಕ್ಕೂ ಸಸ್ಯತಳಿಗೂ ಪೇಟೆಂಟ್ ಕೊಡುವಂತಿಲ್ಲ. ತಳಿಗಳಿಗೆ 2001ರ ಬೇರೆಯೇ ಕಾಯಿದೆ, ಬೇರೆಯೇ ದಾಖಲೆ. ಹಾಗಾದರೆ ಬೀಜದ ಕಂಪೆನಿಯನ್ನು ಪೇಟೆಂಟಿನಿಂದ ಅಳೆಯುವುದು ಹೇಗೆ?

*

ಅದೇ ಸಂಸ್ಥೆಯ ಕಲ್ಪರಸದ ಕಥೆ ಬೇರೆ. ತೆಂಗಿನ ಹೊಂಬಾಳೆಯ ಈ ರಸ ಹುಳಿಯೇರದ ಹಾಗೆ ಇಳಿಸಲು ಒಂದು ಪಿವಿಸಿ ಕೊಳವೆ. ಒಂದು ತುದಿ ಅಗಲವಾಗಿ ಪೆಟ್ಟಿಗೆಯಂತಿದೆ, ಅದರೊಳಗೆ ರಸ ತುಂಬುವ ಚೀಲ, ಸುತ್ತ ಐಸ್ ತುಂಡು, ಹೊರಗೆ ಶಾಖ ತಡೆಯುವ ಹೊದಿಕೆ. ಇಂಥ ಉಪಕರಣ ಪೇಟೆಂಟ್ ಕಾಯಿದೆಗೆ ಹೊರತಲ್ಲ. ಆದರೆ ಈ ಸಂಸ್ಥೆಯ ಮಾತೃಸಂಸ್ಥೆಯಾದ ಭಾರತೀಯ ಕೃಷಿ ಸಂಶೋಧನಾ ಮಂಡಳಿ, ಅಂದರೆ ಐಸಿಎಆರ್‌ನ ತಂತ್ರಜ್ಞಾನವನ್ನು ಪರವಾನಗಿ ಪಡೆದು ಮಾರುವವನು ಬೇರೆ. ಅಂಗಡಿಯ ಲೇಬಲ್ಲಿನಲ್ಲಿ ಅವನ ಹೆಸರು, ಪೇಟೆಂಟ್ ಇದ್ದರೆ ಅದರಲ್ಲಿ ಐಸಿಎಆರ್ ಹೆಸರು.

*

ಬೆಂಗಳೂರಿನಲ್ಲಿ ಇನ್ನೂ ಗೋಜಲು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಅಲ್ಲಿ ಕೇಂದ್ರ ತೆರೆಯಿತು. ಇಂಥ ಕಡೆ ತಲೆ ಓಡಿಸುವವರು ಬೆಂಗಳೂರಿನವರು, ಹಕ್ಕು ಅಮೆರಿಕದ ಕಂಪೆನಿಯದು. ಬಯೋಕಾನ್ ಬಳಗದ ಸಿಂಜೀನ್ ಮಾಡುವುದೇ ಸಂಶೋಧನೆ, ಆದರೆ ಬೇರೆಯವರಿಗಾಗಿ. ಅಲ್ಲಿ ಹುಟ್ಟಿದ್ದು ಸಾಮಾನ್ಯವಾಗಿ ಗುತ್ತಿಗೆ ಕೊಟ್ಟವರ ಪಾಲಿಗೆ ಹೋಗುತ್ತದೆ. ಭಾವನ ಲೆಕ್ಕದಲ್ಲಿ ಇಂಥವರಿಗೆ ಸೊನ್ನೆಯೋ?

*

ತದ್ವಿರುದ್ಧವೂ ಉಂಟು. ಪಕ್ಕದ ಕಣ್ಣೂರು ಜಿಲ್ಲೆಯ ಚೆಂಬೇರಿ ಜೋಸೆಫ್ ಕಂಡುಹಿಡಿದ ತೆಂಗಿನಮರ ಏರುವ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದೆ. ಅದರ ಹಿಂದೆ ಪ್ರಯೋಗಾಲಯವೂ ಇಲ್ಲ, ಶೇರೂ ಇಲ್ಲ.

*

ಹಾಗಾದರೆ ದಾಖಲೆಯಿಂದ ಏನೂ ತಿಳಿಯದೇ? ತಿಳಿಯುತ್ತದೆ, ಎಣಿಸುವುದು ಬಿಟ್ಟರೆ. ಪೇಟೆಂಟ್ 20 ವರ್ಷದ್ದು. ಅದನ್ನು ಉಳಿಸಿಕೊಳ್ಳಲು ದೊಡ್ಡ ಕಂಪೆನಿ ಮೂರನೇ ವರ್ಷದಿಂದ ವರ್ಷಕ್ಕೆ 4,000 ಕಟ್ಟಬೇಕು, ಅದು ಏರುತ್ತ ಹೋಗಿ ಕೊನೆಯ ಐದು ವರ್ಷ ವರ್ಷಕ್ಕೆ 40,000. ದುಡ್ಡು ಹುಟ್ಟದ ಪೇಟೆಂಟಿಗೆ ಯಾರು ಇಷ್ಟು ಸುರಿಯುತ್ತಾರೆ? ಇನ್ನು 27ನೇ ನಮೂನೆ: ಪೇಟೆಂಟನ್ನು ದೇಶದಲ್ಲಿ ಬಳಕೆಗೆ ತಂದಿರೋ ಇಲ್ಲವೋ ಎಂದು ಬರೆದುಕೊಡಬೇಕು. ಇವೆರಡರಲ್ಲಿ ಕಂಪೆನಿಯ ನಿಜಬಣ್ಣ ಅರ್ಧ ಗೊತ್ತಾಗುತ್ತದೆ.

*

ಉಳಿದರ್ಧ ವಾರ್ಷಿಕ ವರದಿಯಲ್ಲಿ. ಸಂಶೋಧನೆಗೆ ಎಷ್ಟು ಖರ್ಚಾಯಿತೆಂದು ನಿರ್ದೇಶಕ ಮಂಡಳಿ ಅಲ್ಲಿ ಹೇಳಲೇಬೇಕು. ಖರ್ಚು ಇದ್ದು ಪೇಟೆಂಟ್ ಇಲ್ಲದಿದ್ದರೆ ಗುಟ್ಟಾಗಿ ಇಟ್ಟಿರಬಹುದು, ಪರರಿಗೆ ದುಡಿದಿರಬಹುದು, ಸೋತಿರಲೂಬಹುದು. ಖರ್ಚೇ ಇಲ್ಲದೆ ಪೇಟೆಂಟಿನ ರಾಶಿ ಬಿದ್ದಿದ್ದರೆ ಮಾತ್ರ ಭಾವ ಅಡಿಕೆಯ ದುಡ್ಡು ಹಾಕುವ ಮೊದಲು ಒಂದು ಪ್ರಶ್ನೆ ಕೇಳಲಿ: ಆ ಸಂಶೋಧನೆಯ ಖರ್ಚು ಕೊಟ್ಟವರು ಯಾರು?