ನದಿಯಾಚೆಯ ಪಂದ್ಯ

ಬಸ್ಸು ಹೊರಟು ಹತ್ತು ನಿಮಿಷವಾಗಿರಬೇಕು, ಆಗಲೇ ಕೆಳಗೆ ಮಿಸಿಸಿಪ್ಪಿ. ನೀವು ಕಿಟಕಿಯ ಪಕ್ಕ ಕೂತಿದ್ದೀರಿ. ಕಂದು ನೀರಿನ ಮೇಲೆ ಒಂದಕ್ಕೊಂದು ಬಿಗಿದ ಸರಕು ದೋಣಿಗಳು ನಿಧಾನವಾಗಿ ದಕ್ಷಿಣಕ್ಕೆ ಇಳಿಯುತ್ತಿವೆ. ಹಿಂದೆ ತಿರುಗಿದರೆ ಸೇಂಟ್ ಲೂಯಿಸ್‌ನ ಉಕ್ಕಿನ ಕಮಾನು ಸೆಪ್ಟೆಂಬರ್ ಸಂಜೆಯ ಬಿಸಿಲಿಗೆ ಹೊಳೆಯುತ್ತಿದೆ. ಸೇತುವೆ ದಾಟುವಷ್ಟರಲ್ಲಿ ಮಿಸೌರಿ ಮುಗಿದು ಇಲಿನಾಯ್ ಶುರು.

ಬಸ್ಸಿನಲ್ಲಿರುವುದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಸಾಕರ್ ತಂಡ. ನಿಮ್ಮ ಮುಂದಿನ ಸೀಟಿನ ಹುಡುಗ ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇವತ್ತೇ ಕೊಡಬೇಕಾದ ಅಸೈನ್‌ಮೆಂಟ್ ಟೈಪ್ ಮಾಡುತ್ತಿದ್ದಾನೆ. ಬೆಳಗಿನ ಕ್ಲಾಸು ಅವನಿಗೆ ತಪ್ಪಿಲ್ಲ. ರಾತ್ರಿ ತನ್ನ ಹಾಸಿಗೆಯಲ್ಲೇ ಮಲಗುತ್ತಾನೆ. ಕಾಲೇಜು ಆಟಗಾರನಿಗೆ ಇದು ಎಂಥ ಸುಖವೆಂದು ತಿಳಿಯಬೇಕಾದರೆ ಅವನ ಉಳಿದ ಪಂದ್ಯಗಳ ಊರುಗಳನ್ನು ನೋಡಬೇಕು. ಅವನ ತಂಡ ಅಟ್ಲಾಂಟಿಕ್ 10 ಕಾನ್ಫರೆನ್ಸಿನದು. ನ್ಯೂಯಾರ್ಕ್‌ನ ಫೋರ್ಡಮ್, ಸಮುದ್ರದಂಚಿನ ರೋಡ್ ಐಲೆಂಡ್, ವರ್ಜೀನಿಯಾದ ರಿಚ್ಮಂಡ್ ಎಲ್ಲ ಆ ಕಾನ್ಫರೆನ್ಸಿನ ಊರುಗಳೇ. ಕಾನ್ಫರೆನ್ಸಿನೊಳಗೆ ‘ಹತ್ತಿರದ’ ಎದುರಾಳಿ ಅಂದರೂ ಷಿಕಾಗೋದ ಲಯೋಲಾ, ರಸ್ತೆಯಲ್ಲಿ ಸುಮಾರು ಐದು ಗಂಟೆ. ಇಲ್ಲಿ ನೋಡಿ, ಇವತ್ತಿನ ಎದುರಾಳಿ ಕಾಲೇಜು ತಂಡದ ಊರಾದ ಎಡ್ವರ್ಡ್ಸ್‌ವಿಲ್‌ಗೆ ಮುಕ್ಕಾಲು ಗಂಟೆಯೂ ಬೇಡ.

ಬಲಗಡೆ ಮರಗಳ ನಡುವೆ ಹಸಿರು ದಿಬ್ಬವೊಂದು ಏಳುತ್ತದೆ. ಕಹೋಕಿಯಾ. ಸುಮಾರು ಸಾವಿರ ವರ್ಷದ ಹಿಂದೆ ಮೂಲನಿವಾಸಿಗಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ ನೂರಡಿ ಎತ್ತರಕ್ಕೆ ಕಟ್ಟಿದ್ದು. ಹುಡುಗರು ಯಾರೂ ತಲೆ ಎತ್ತುವುದಿಲ್ಲ. ಚಿಕ್ಕಂದಿನಿಂದ ನೋಡಿ ನೋಡಿ ರೂಢಿಯಾದವರೂ ಇದ್ದಾರಲ್ಲ.

ಎಡ್ವರ್ಡ್ಸ್‌ವಿಲ್‌ನ ಕೋರ್ಟೆ ಸ್ಟೇಡಿಯಂನಲ್ಲಿ ಇಳಿಯುತ್ತಿದ್ದಂತೆ ಮುಖಕ್ಕೆ ಬಡಿಯುವುದು ಸೆಕೆ, ಹೊಸದಾಗಿ ಕತ್ತರಿಸಿದ ಹುಲ್ಲಿನ ವಾಸನೆ, ಮರಗಳಿಂದ ಬರುವ ಜೀರುಂಡೆಯ ಸದ್ದು. ಮೆಟ್ಟಿಲ ಸಾಲಿನಲ್ಲಿ ಕೂತ ಹೆಂಗಸೊಬ್ಬರನ್ನು ನೋಡಿ. ಮೈಮೇಲೆ ಆತಿಥೇಯರ ಕೆಂಪು ಶರ್ಟು, ತಲೆಯ ಮೇಲೆ ಅತಿಥಿಗಳ ನೀಲಿ ಟೋಪಿ. ಮಗ ಈ ಕಡೆ, ತಂಗಿಯ ಮಗ ಆ ಕಡೆ. ಅಂಗಳದಲ್ಲಿ ವಾರ್ಮ್‌ಅಪ್ ಬಿಟ್ಟು ಇಬ್ಬರು ಎದುರಾಳಿಗಳು ಮಧ್ಯಗೆರೆಯ ಹತ್ತಿರ ಅಪ್ಪಿಕೊಳ್ಳುತ್ತಾರೆ. ಹೈಸ್ಕೂಲಿನಲ್ಲಿ ಒಂದೇ ತಂಡದಲ್ಲಿ ಆಡಿದವರು.

ಇಂಥ ಪಂದ್ಯ ಗೊತ್ತುಮಾಡುವುದು ಸುಲಭ ಎಂದುಕೊಳ್ಳಬೇಡಿ. ಕಾನ್ಫರೆನ್ಸ್ ಪಂದ್ಯಗಳ ತಾರೀಖು ಮೇಲಿನಿಂದಲೇ ಬರುತ್ತದೆ. ಕೋಚ್ ಕೈಯಲ್ಲಿ ಉಳಿಯುವುದು ಹೆಚ್ಚಾಗಿ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರಿನ ಕೆಲವೇ ದಿನ. ಅಲ್ಲೂ ಆರ್‌ಪಿಐ ಎಂಬ ಅಂಕೆ ಬೆನ್ನಿಗಿರುತ್ತದೆ. ರಾಷ್ಟ್ರೀಯ ಟೂರ್ನಿಗೆ 48 ತಂಡ. ಕಾನ್ಫರೆನ್ಸ್ ಗೆದ್ದವರಿಗೆ ನೇರ ಪ್ರವೇಶ, ಉಳಿದವರನ್ನು ಸಮಿತಿ ಆರಿಸುತ್ತದೆ. ಆ ಆಯ್ಕೆಗೆ ವರ್ಷಗಳಿಂದ ಬಳಸುತ್ತ ಬಂದ ಈ ಅಂಕೆಯಲ್ಲಿ ನಿಮ್ಮ ಗೆಲುವಿನ ಪಾಲು ಕಾಲು ಭಾಗ ಮಾತ್ರ. ಅರ್ಧ ಭಾಗ ನಿಮ್ಮ ಎದುರಾಳಿಗಳ ಗೆಲುವು, ಮಿಕ್ಕ ಕಾಲು ಅವರ ಎದುರಾಳಿಗಳ ಗೆಲುವು. ಪಕ್ಕದ ಊರಿನ ತಂಡ ಈ ವರ್ಷ ಸೋಲುತ್ತಲೇ ಹೋದರೆ, ಅವರನ್ನು ಗೆದ್ದರೂ ನಿಮ್ಮ ಅಂಕೆ ಕುಸಿಯಬಹುದು. ಸೋತರಂತೂ ಕೇಳುವುದೇ ಬೇಡ. ಇದಕ್ಕೆ ಹೆದರಿ ನೆರೆಯವರನ್ನು ಬಿಟ್ಟು ದೂರದ ಬಲಿಷ್ಠರನ್ನು ಹುಡುಕುವ ಕೋಚ್‌ಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಅವರು ಮಾಡುವುದು ತಪ್ಪೆಂದೇ ಹೇಳುತ್ತೇನೆ. ಕೆಂಪು ಶರ್ಟು ನೀಲಿ ಟೋಪಿಯ ಆ ತಾಯಿ ರಿಚ್ಮಂಡ್‌ಗೆ ಹೋಗಲಾರರು.

ಈ ಎರಡು ತಂಡಗಳ ನಡುವೆ ಒಬ್ಬ ಮನುಷ್ಯನೂ ಇದ್ದಾನೆ. ನೀವು ನೋಡುತ್ತಿರುವ ಅಂಗಳಕ್ಕೆ ಅವನದೇ ಹೆಸರು, ಬಾಬ್ ಗೆಲ್ಕರ್. ಸೇಂಟ್ ಲೂಯಿಸ್‌ನ ಕ್ಯಾಥೊಲಿಕ್ ಯುವಕರ ಲೀಗಿನಲ್ಲಿ ಹುಡುಗರನ್ನು ಆಡಿಸುತ್ತಿದ್ದವನು, 1959ರಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ತಂಡಕ್ಕೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ. ಒಟ್ಟು ಐದು ಗೆದ್ದು ನದಿ ದಾಟಿ ಬಂದು ಎಡ್ವರ್ಡ್ಸ್‌ವಿಲ್‌ನಲ್ಲಿ ಹೊಸ ತಂಡ ಕಟ್ಟಿದ. 1979ರಲ್ಲಿ ಆ ತಂಡವೂ ರಾಷ್ಟ್ರೀಯ ಚಾಂಪಿಯನ್. ಅವನು ಬಿಟ್ಟುಬಂದ ಜಾಗಕ್ಕೆ ಹೋದವರು ಹ್ಯಾರಿ ಕಿಯೊ, 1950ರ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು 1-0ರಿಂದ ಸೋಲಿಸಿದ ಅಮೆರಿಕ ತಂಡದ ಆಟಗಾರ, ಅಂಚೆ ಇಲಾಖೆಯ ನೌಕರ. 1972ರಿಂದ ಈ ನೆರೆಹೊರೆಯ ಪಂದ್ಯಕ್ಕೆ ‘ಕಂಚಿನ ಬೂಟು’ ಎಂಬ ಹೆಸರು. 1980ರಲ್ಲಿ ಬೇಸ್‌ಬಾಲಿನ ಬುಶ್ ಸ್ಟೇಡಿಯಂನಲ್ಲಿ ಈ ಪಂದ್ಯ ನೋಡಲು 22,512 ಜನ ಬಂದಿದ್ದರು.

ಇವತ್ತು ಅಷ್ಟು ಜನವಿಲ್ಲ. ಇದ್ದವರ ಗದ್ದಲವೇ ಸಾಕು. ಗಡಿಯಾರ ನೋಡಿ: ಕಾಲೇಜು ಆಟದಲ್ಲಿ ಅದು 45ರಿಂದ ಶುರುವಾಗಿ ಸೊನ್ನೆಗೆ ಇಳಿಯುತ್ತದೆ. ಸಮಬಲದಲ್ಲಿರುವಾಗ ಆ ಇಳಿಕೆ ಎದೆಯಲ್ಲೇ ಇಳಿದಂತೆ. ಕೊನೆಯ ಎರಡು ನಿಮಿಷ. ಅಸೈನ್‌ಮೆಂಟಿನ ಹುಡುಗ ಎಡಬದಿಯಲ್ಲಿ ಚೆಂಡಿನ ಹಿಂದೆ ಓಡಿ, ಜಾರಿ, ಮೊಣಕಾಲು ತರಚಿಕೊಂಡು ಅದನ್ನು ಗೆರೆಯೊಳಗೇ ಉಳಿಸುತ್ತಾನೆ. ಕ್ರಾಸ್ ಬರುತ್ತದೆ. ಗೋಲ್‌ಕೀಪರ್‌ನ ಬೆರಳ ತುದಿಗೆ ತಾಗಿ ಚೆಂಡು ಅಡ್ಡಕಂಬಕ್ಕೆ ಬಡಿದು ‘ಠಣ್’ ಎನ್ನುತ್ತದೆ. ಧ್ವನಿವರ್ಧಕ ಹತ್ತು, ಒಂಬತ್ತು, ಎಂಟು ಎಂದು ಎಣಿಸತೊಡಗಿದಾಗ ನೀವು ಎದ್ದು ನಿಂತಿದ್ದೀರಿ, ಯಾವಾಗ ಎದ್ದಿರೋ ಗೊತ್ತಿಲ್ಲ. ಹಾರ್ನ್ ಕೂಗುತ್ತದೆ. 1-1. 2022ರಿಂದ ಋತುವಿನ ಪಂದ್ಯಗಳಿಗೆ ಹೆಚ್ಚುವರಿ ಸಮಯವಿಲ್ಲ. ಸಮ ಎಂದರೆ ಸಮ.

ಸೋತವರಿಲ್ಲದ ಅಂಗಳದಿಂದ ಹುಡುಗರು ಬೇಲಿಯ ಕಡೆಗೆ ಬರುತ್ತಾರೆ. ಅಲ್ಲಿ ಅಪ್ಪ, ಅಮ್ಮ, ಪುಟ್ಟ ತಂಗಿ, ಹಳೆಯ ಹೈಸ್ಕೂಲ್ ಕೋಚ್. ಫಾಯಿಲ್ ಸುತ್ತಿದ ಊಟದ ಪೊಟ್ಟಣಗಳು ಬೇಲಿಯ ಮೇಲಿಂದ ಕೈ ಬದಲಾಗುತ್ತವೆ. ಅಸೈನ್‌ಮೆಂಟಿನ ಹುಡುಗನ ಅಜ್ಜಿ ಫೋನಿನ ಬೆಳಕು ಬಿಟ್ಟು ಅವನ ತರಚಿದ ಮೊಣಕಾಲನ್ನು ನೋಡುತ್ತಿದ್ದಾರೆ. ಬಸ್ಸಿನ ಎಂಜಿನ್ ಆಗಲೇ ಶುರುವಾಗಿದೆ. ಸಹಾಯಕ ಕೋಚ್ ಎರಡನೇ ಸಲ ಅವನ ಹೆಸರು ಕೂಗುತ್ತಾನೆ. ಹುಡುಗ ಬರುತ್ತೇನೆಂದು ಕೈ ಎತ್ತುತ್ತಾನೆ, ಕಾಲು ಮಾತ್ರ ಬೇಲಿಯ ಹತ್ತಿರದಿಂದ ಕೀಳುವುದಿಲ್ಲ.