ದರ್ಭೆ ಚುಚ್ಚಿದ ಕಾಲು

ರವಿವರ್ಮನ ಶಕುಂತಲೆಯನ್ನು ಕಾಣದ ವಾಚಕರು ನಮ್ಮಲ್ಲಿ ವಿರಳವೇ ಸರಿ. ಸಖಿಯರೊಡನೆ ವನಮಾರ್ಗದಲ್ಲಿ ನಡೆಯುತ್ತಿದ್ದ ಕನ್ಯೆಯು ಕಾಲಿಗೆ ಮುಳ್ಳು ನೆಟ್ಟ ನೆವದಿಂದ ನಿಂತು, ಗೆಳತಿಯ ಹೆಗಲ ಮೇಲೆ ಕೈಯೂರಿ, ಪಾದವನ್ನೆತ್ತಿ, ಹಿಂದುಳಿದ ದುಷ್ಯಂತನೆಡೆಗೆ ಕತ್ತನ್ನು ಹೊರಳಿಸಿರುವಳು. ದೊರೆಯು ಚಿತ್ರದೊಳಗಿಲ್ಲ, ಅವನಿರುವುದು ಚೌಕಟ್ಟಿನಾಚೆ. 1894ರಲ್ಲಿ ಆ ಕಲಾವಿದನು ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಅವನ ಚಿತ್ರಗಳು ಅರಮನೆಗಳಿಂದಿಳಿದು ಸಾಮಾನ್ಯ ಗೃಹಸ್ಥರ ನಡುಮನೆಗೂ ಬಂದುವು. ಲಕ್ಷ್ಮೀ ಸರಸ್ವತಿಯರ ಪಕ್ಕದ ಗೋಡೆಯಲ್ಲಿ ತೂಗಿದ ಈ ತರುಣಿಯರೇ ನಮ್ಮವರಿಗೆ ಸೌಂದರ್ಯದ ಮಾದರಿಯಾದರು. ಅವರ ಹಿಂದಿನ ಗಿಡಮರಗಳೇ ಕಾಡಿನ ಮಾದರಿಯೂ ಆದುವು. ಈ ವಿಷಯದಲ್ಲಿ ನಮ್ಮದೊಂದು ತಕರಾರಿದೆ.

ಆ ಕತ್ತಿನ ತಿರುವು ಅತಿ ಮನೋಹರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಳಿದಾಸನ ಶಕುಂತಲೆಯು ಉಟ್ಟಿದ್ದುದು ನಾರುಮಡಿ. ಅದರ ಬಿಗಿತಕ್ಕೆ ಸಖಿಯ ಯೌವನವನ್ನೇ ಹೊಣೆಮಾಡಿ ಪ್ರಿಯಂವದೆಯು ಹಾಸ್ಯಮಾಡುವ ಮಾತು ಮೊದಲನೆಯ ಅಂಕದಲ್ಲಿಯೇ ಬರುವುದು. ರವಿವರ್ಮನಾದರೋ ಆಕೆಗೆ ಸೀರೆಯುಡಿಸಿದನು. ಅದು ಹೋಗಲಿ, ಉಡುಗೆಯಲ್ಲಿ ಚಿತ್ರಕಾರನಿಗೆ ಸ್ವಾತಂತ್ರ್ಯವುಂಟು. ಕಾಡಿನ ಮಾತು ಹಾಗಲ್ಲ. ನಾಟಕದಲ್ಲಿ ಕಾಡು ಬಂಧುವರ್ಗಕ್ಕೆ ಸೇರಿದುದು. ಆಕೆ ಗಿಡಗಳಿಗೆ ನೀರೆರೆಯುವಳು. ನವಮಾಲಿಕೆಯ ಬಳ್ಳಿಗೆ ವನಜ್ಯೋತ್ಸ್ನೆಯೆಂದು ಹೆಸರಿಟ್ಟು ತಂಗಿಯಂತೆ ಕಾಣುವಳು. ಗಂಡನ ಮನೆಗೆ ಹೊರಟಾಗ ಮರಗಳೇ ದುಕೂಲವನ್ನೂ ಆಭರಣಗಳನ್ನೂ ಕೊಡುವುವು. ಚಿತ್ರದಲ್ಲಿ ಈ ಬಂಧುಗಳೆಲ್ಲ ಬೆನ್ನ ಹಿಂದಿನ ಪರದೆಯಾಗಿ ನಿಂತಿರುವರು.

ಬೇಲೂರಿನ ಶಿಲ್ಪಿಗಳು ಹೀಗೆ ಮಾಡಲಿಲ್ಲ. 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವನ ಗುಡಿಯ ಮದನಿಕೆಯರ ನೆತ್ತಿಯ ಮೇಲೆ ಬಳ್ಳಿಯೆಲೆಗಳ ಚಪ್ಪರವಿದೆ. ಒಬ್ಬಳ ಸೆರಗನ್ನು ಕೋತಿಯೊಂದು ಹಿಡಿದೆಳೆಯುತ್ತಿದೆ. ಅಲ್ಲಿ ಕಾಡು ಸುಮ್ಮನೆ ನಿಂತಿಲ್ಲ. ನಮ್ಮ ಕಾಲಕ್ಕೆ ಸಮೀಪದವರಾದ ಕೆ. ವೆಂಕಟಪ್ಪನವರು (1886–1965) ಬೇರೆ ದಾರಿ ಹಿಡಿದರು. ಅವರ ನೀಲಗಿರಿಯ ಚಿತ್ರಗಳಲ್ಲಿ ಬೆಟ್ಟ, ಮೋಡ, ಮಂಜುಗಳದೇ ರಾಜ್ಯ. ಅವು ನಮಗೆ ಬಹಳ ಪ್ರಿಯ. ಆದರೂ ಒಂದು ಕಡೆ ಕಾಡಿಲ್ಲದ ಕನ್ಯೆ, ಇನ್ನೊಂದು ಕಡೆ ಮನುಷ್ಯರಿಲ್ಲದ ಬೆಟ್ಟ, ಎಂದು ಕಣ್ಣು ಎರಡನ್ನೂ ಬೇರೆಬೇರೆಯಾಗಿ ಮೆಚ್ಚಲು ಕಲಿತುಬಿಡುವುದು.

ವೀರನಹೊಸಹಳ್ಳಿಯಲ್ಲಿ ವಾಸಿಸುವವರಿಗೆ ಇದು ಕೇವಲ ಕಲಾವಿಚಾರವಲ್ಲ. ನಾಗರಹೊಳೆಯ ಕಾಡಿನ ಬಾಗಿಲೊಂದು ನಮ್ಮೂರಿನಲ್ಲಿಯೇ ಇದೆ. ದಸರೆಯ ಆನೆಗಳು ಪೂಜೆಗೊಂಡು ಮೈಸೂರಿಗೆ ಪಯಣ ಹೊರಡುವುದು ಇಲ್ಲಿಂದ. ಫಾಲ್ಗುಣದಲ್ಲಿ ಎಲೆಯುದುರಿದ ಮುತ್ತುಗ ಕೆಂಪಾಗುವುದು. ಅದರ ಹಿಂದೆಯೇ ಕಕ್ಕೆಯ ಹೊಂಬಣ್ಣದ ಗೊಂಚಲುಗಳು. ನೋಡಬಂದ ಪಟ್ಟಣಿಗರು ‘ಚಿತ್ರ ಬರೆದ ಹಾಗಿದೆ’ ಎನ್ನುವರು. ಆ ಮರಗಳ ಬುಡದಲ್ಲಿ ಲಂಟಾನದ ಪೊದೆಯಿದೆ. ತೋಟದ ಅಲಂಕಾರಕ್ಕೆಂದು ಹೊರದೇಶದಿಂದ ತಂದ ಆ ಮುಳ್ಳುಗಿಡವು ಈಗ ಕಾಡನ್ನೇ ತುಂಬಿದೆ. ಕಾಡಿನಿಂದ ಹೊರತಂದ ಗಿರಿಜನರನ್ನು ನೆಲೆಗೊಳಿಸಿದ ನಾಗಾಪುರವೂ ನಮಗೆ ಸಮೀಪವೇ. ಮನುಷ್ಯರಿಲ್ಲದ ಕಾಡೇ ಶುದ್ಧವಾದ ಕಾಡೆಂಬ ಭಾವನೆಗೆ ಚಿತ್ರಗಳೂ ಎಷ್ಟೋ ನೆರವಾಗಿರಬೇಕೆಂದು ನಮಗೆ ತೋರುವುದು.

ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾವು ಒಮ್ಮೆ ಈ ಚಿತ್ರವನ್ನು ತರಗತಿಗೆ ಒಯ್ದಿದ್ದೆವು. ಜೇನುಕುರುಬರ ಹಾಡಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಬಹಳ ಹೊತ್ತು ನೋಡಿ, “ಮೇಷ್ಟ್ರೇ, ಮುಳ್ಳು ಕೀಳೋರು ಕಾಲ ನೋಡ್ತಾರೆ. ಈವಮ್ಮ ಎತ್ತಲೋ ನೋಡ್ತಾವ್ಳಲ್ಲ?” ಎಂದಳು. ಮುಳ್ಳು ಚುಚ್ಚಿಲ್ಲ, ಅದೊಂದು ನೆವವೆಂದು ನಾವು ವಿವರಿಸಿದೆವು. “ಅಂಗಾರೆ ಕಾಡ್ನೋಳಲ್ಲ ಬುಡಿ” ಎಂದು ಹೇಳಿ ಕುಳಿತಳು. ನಾವು ಓದಿದ ಯಾವ ವ್ಯಾಖ್ಯಾನದಲ್ಲಿಯೂ ಇಷ್ಟು ಸಂಕ್ಷೇಪವಾದ ವಿಮರ್ಶೆಯಿಲ್ಲ.

ಈ ಆಕ್ಷೇಪವು ಕಾಳಿದಾಸನಿಗೂ ತಟ್ಟುವುದಲ್ಲವೆ, ದರ್ಭೆಯ ನೆವ ಅವನದೇ ತಾನೆ, ಎಂದು ವಾಚಕರು ಕೇಳಬಹುದು. ತಟ್ಟುವುದು. ಆದರೆ ಅವನಲ್ಲಿ ಎರಡನೆಯ ದರ್ಭೆಯೊಂದಿದೆ. ನಾಲ್ಕನೆಯ ಅಂಕದಲ್ಲಿ, ಹೊರಟು ನಿಂತ ಶಕುಂತಲೆಯ ಸೆರಗನ್ನು ಹಿಡಿದು ಬಿಡದ ಜಿಂಕೆಯುಂಟಷ್ಟೆ. ಅದು ಮರಿಯಾಗಿದ್ದಾಗ ದರ್ಭೆಯ ಮೊನೆ ತಾಗಿ ಬಾಯಿ ಗಾಯವಾದಾಗಲೆಲ್ಲ ಇಂಗುದೀತೈಲವನ್ನು ಸವರಿ ಮಾಯಿಸಿದವಳು ಆಕೆಯೇ. ಆ ನೋವು ನಿಜವಾದುದು, ಅಲ್ಲಿ ನೆವವಿಲ್ಲ. ನಮ್ಮ ಗೋಡೆಗಳ ಮೇಲೆ ತೂಗಿದುದು ಮೊದಲನೆಯ ದರ್ಭೆ ಮಾತ್ರ.

ಎರಡನೆಯದನ್ನು ಬರೆಯಲು ಮೈಸೂರಿನ ಕಲಾಶಾಲೆಯ ತರುಣರು ಯಾರಾದರೂ ಮನಸ್ಸುಮಾಡಿದರೆ ನಮಗೆ ಬಹಳ ಸಂತೋಷ. ಹುಡುಗಿಯ ತೊಡೆಯ ಮೇಲೆ ಮರಿಯ ಮುಖ, ಎಲೆಯ ದೊನ್ನೆಯಲ್ಲಿ ಎಣ್ಣೆ, ಅವಳ ದೃಷ್ಟಿ ಗಾಯದ ಮೇಲೆ. ಫಾಲ್ಗುಣದಲ್ಲಿ ಬಂದರೆ ಮುತ್ತುಗವೂ ಹೂವಾಗಿರುವುದು, ನಮ್ಮಲ್ಲಿಯೇ ಉಳಿಯಬಹುದು. ಕಾಲಿಗೆ ಗಟ್ಟಿಯಾದ ಮೆಟ್ಟು ಮಾತ್ರ ಇರಲಿ.